ಬಳುವಳಿಗೆ ಕೋಟೆ ತಂದವಳು, ಕೋಟೆ ಕಾದವಳು

(ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿನಲ್ಲಿ ನಾನು ಇತಿಹಾಸ ಹೇಳುತ್ತಿದ್ದಾಗ ಹುಡುಗರು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಿದ್ದರು: "ಹೆಣ್ಣುಮಗಳಿಗೆ ರಾಜ್ಯ ಆಳಲಿಕ್ಕೆ ಆಗ್ತದೇನ್ರಿ ಮೇಡಂ?" ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಹೆಸರು ಹೇಳಿ ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ಉತ್ತರ ನಮ್ಮ ಸೀಮೆಯಲ್ಲೇ ಇತ್ತು.

ಕೃಷ್ಣೆ-ತುಂಗಭದ್ರೆಯರ ನಡುವಿನ ಈ ನಮ್ಮ ನೆಲ ಆಗ ಬಿಜಾಪುರದ ಆದಿಲ್‌ಶಾಹಿ ಅರಸರ ಕೈಯಲ್ಲಿತ್ತು. 1580ರಲ್ಲಿ ಸುಲ್ತಾನ ಒಂದನೆಯ ಅಲಿಯ ಕೊಲೆಯಾಯಿತು. ಅವನಿಗೆ ಮಕ್ಕಳಿರಲಿಲ್ಲ. ಸಹೋದರನ ಮಗ ಇಬ್ರಾಹಿಂ ಇನ್ನೂ ಸಣ್ಣ ಹುಡುಗ. ಅವನನ್ನು ಸಾಕಿ, ಅವನ ಹೆಸರಿನಲ್ಲಿ ರಾಜ್ಯಭಾರ ನೋಡುವ ಹೊಣೆ ಅಲಿಯ ವಿಧವೆ ಚಾಂದ್ ಬೀಬಿಯ ಹೆಗಲಿಗೆ ಬಿತ್ತು.

ಈಕೆ ಅಹಮದ್‌ನಗರದ ಸುಲ್ತಾನನ ಮಗಳು. 1565ರ ರಕ್ಕಸಗಿ-ತಂಗಡಗಿ ಯುದ್ಧಕ್ಕೆ ಮುಂಚೆ, ವಿಜಯನಗರದ ವಿರುದ್ಧ ಎರಡು ಮನೆತನಗಳು ಒಂದಾಗಲೆಂದು, ಈಕೆಯನ್ನು ಅಲಿಗೆ ಕೊಟ್ಟರು. ಬಳುವಳಿ ಏನು ಗೊತ್ತೇ? ಸೊಲ್ಲಾಪುರದ ಕೋಟೆ! ಹಿಂದಿನ ತಲೆಮಾರಿನಲ್ಲೂ ಹೀಗೇ ಆಗಿತ್ತು. ಆಗ ಬಿಜಾಪುರದ ಮಗಳು ಅಹಮದ್‌ನಗರಕ್ಕೆ ಸೊಸೆಯಾಗಿ ಹೋಗಿದ್ದಳು. ಮಾತಾಡಿದ್ದ ಇದೇ ಕೋಟೆಯನ್ನು ಕೊಡಲಿಲ್ಲವೆಂದು ಬೀಗರು ಬೀಗರೇ ಯುದ್ಧ ಮಾಡಿದರು. ಬಾಕಿ ಉಳಿದ ವರದಕ್ಷಿಣೆಗೆ ಇಂದಿಗೂ ಏನೇನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಚಾಂದ್ ಬೀಬಿ ಅಧಿಕಾರ ಹಿಡಿದದ್ದು ದರ್ಬಾರಿನ ಗಂಡಸರಿಗೆ ಸಹಿಸಲಿಲ್ಲ. ಕಿಶ್ವರ್ ಖಾನನೆಂಬ ಮಂತ್ರಿ ಆಕೆಯ ಮೇಲೆ ಹೊರಿಸಿದ ಅಪವಾದ ಕೇಳಿ: ತವರಿನ ಅಣ್ಣತಮ್ಮಂದಿರ ಜೊತೆ ಸೇರಿ ಸಂಚು ಮಾಡುತ್ತಾಳೆ! ಅಷ್ಟಕ್ಕೇ ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟರು. ಕಿಶ್ವರ್ ಖಾನ್ ಓಡಿಹೋದ ಮೇಲೆ ಆಕೆ ಮರಳಿ ಬಂದಳು.

ಮುಂದೆ ಆಕೆ ತವರಿಗೆ ಹೋದಳು. 1595ರ ಕೊನೆಗೆ ಮೊಗಲರು ಅಹಮದ್‌ನಗರವನ್ನು ಮುತ್ತಿದರು. ಮದ್ದಿಟ್ಟು ಕೋಟೆಗೋಡೆ ಒಡೆದಾಗ ಚಾಂದ್ ಬೀಬಿ ಮುಸುಕು ಹಾಕಿ, ಕತ್ತಿ ಹಿಡಿದು ಒಡಕಿನಲ್ಲಿ ನಿಂತಳು. ರಾತ್ರೋರಾತ್ರಿ ಗೋಡೆ ಕಟ್ಟಿಸಿದಳು. 1596ರಲ್ಲಿ ಬೇರಾರ್ ಸೀಮೆ ಬಿಟ್ಟುಕೊಟ್ಟು, ರಾಜಧಾನಿ ಉಳಿಸಿಕೊಂಡಳು. 1600ರಲ್ಲಿ ಮತ್ತೆ ಮುತ್ತಿಗೆ. ಇನ್ನು ತಡೆಯಲಾಗದು, ಸಂಧಿ ಮಾಡಿ ಹುಡುಗ ಸುಲ್ತಾನನ ಜೀವ ಉಳಿಸೋಣ ಎಂದಳು. "ದ್ರೋಹಿ" ಎಂಬ ಕೂಗು ಎದ್ದಿತು. ಆಕೆಯ ಜನರೇ ಆಕೆಯನ್ನು ಕೊಂದರು. ಸ್ವಲ್ಪ ದಿನಕ್ಕೆ ಕೋಟೆಯೂ ಬಿತ್ತು.

ಅದೇ ಕಾಲಕ್ಕೆ ಎಲಿಜಬೆತ್ 1558ರಿಂದ 1603ರ ವರೆಗೆ ಆಳಿದಳು. ಮದುವೆಯಾಗೆಂದು ಪಾರ್ಲಿಮೆಂಟು ಕಾಡಿತು, ಆಕೆ ಬಗ್ಗಲಿಲ್ಲ. ಈಕೆಯ ಜಾಣತನ ಹೆಚ್ಚು, ಆಕೆಯದು ಕಡಿಮೆ ಎಂದೇ? ಅಲ್ಲ. ಎಲಿಜಬೆತ್ ಕೂತದ್ದು ತನ್ನ ಹಕ್ಕಿನ ಸಿಂಹಾಸನದ ಮೇಲೆ. ಹಕ್ಕಿದ್ದರೆ ಎಲ್ಲ ಸುಗಮವೆಂದೂ ಅಲ್ಲ. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು 1567ರಲ್ಲಿ ಪಟ್ಟದಿಂದ ಇಳಿಸಿದರು. ಆದರೆ ಚಾಂದ್ ಬೀಬಿಯ ಅಧಿಕಾರ ಮೊದಲಿನಿಂದಲೂ ಎರವಲಿನದು. ಎರಡೂ ಕಡೆ ಹುಡುಗನೊಬ್ಬನ ಹೆಸರಿನದು. ಎರವಲಿನದನ್ನು ಕಸಿದುಕೊಳ್ಳಲು ಒಂದು ಗಾಳಿಮಾತು ಸಾಕು.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಮದುವೆಗೆ ಅಪ್ಪ ಎರಡು ಎಕರೆ ಹೊಲ ಮಾರಿದರು. ಎಂ.ಎ. ಓದಿದ ನಾನು ತುಟಿ ಬಿಚ್ಚಲಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಆ ಹೊಲ ನನ್ನ ಹೆಸರಿಗೆ ಆಗಿದ್ದರೆ ಕಷ್ಟದ ವರ್ಷಗಳಲ್ಲಿ ನನಗೊಂದು ನೆಲೆ ಇರುತ್ತಿತ್ತು. ಬಳುವಳಿ ನನ್ನ ಜೊತೆ ಹೋಯಿತು, ನನ್ನದಾಗಲಿಲ್ಲ.

ಈಗ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲಿದೆ. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಈ ಕಾನೂನು ಬಂತು. ಗಂಡನ ಮನೆಯಲ್ಲಿ ಹಿಂಸೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆ ಮನೆಯಲ್ಲೇ ವಾಸಿಸುವ ಹಕ್ಕು ಕೊಡುತ್ತದೆ. ಆದ್ದರಿಂದ ಇಂದು ಮನೆಗೆ ಹೋದ ಕೂಡಲೇ ಪಹಣಿ ತೆಗೆದು ನೋಡಿ, ಅದರಲ್ಲಿ ಯಾರ ಹೆಸರಿದೆ? ನಿಮ್ಮ ಹೆಸರಿನಲ್ಲಿ ತೆಗೆದ ಸಾಲ ಯಾರ ಕೈಗೆ ಹೋಯಿತು? ನಿಮ್ಮಲ್ಲಿ ಪಂಚಾಯ್ತಿ ಸದಸ್ಯೆಯರಿದ್ದರೆ, ಸಹಿ ಮಾಡುವ ಮುನ್ನ ಠರಾವು ಓದಿಸಿ ಕೇಳಿ.

ಮಗಳ ಮದುವೆಯ ಮಾತು ಬಂದಾಗ ಧೈರ್ಯವಾಗಿ ಹೇಳಿ: ಬಳುವಳಿ ಕೊಡುವುದಿಲ್ಲ, ಅವಳ ಪಾಲು ಅವಳ ಹೆಸರಿಗೆ ಬರೆಸುತ್ತೇವೆ.