ಕವರಿನ ಮೇಲಿನ ಶುಲ್ಕ

ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಆದೋನಿ ಸೀಮೆಯ ಕನ್ನಡದವರೂ ತೆಲುಗಿನವರೂ ‘ಕವರು’ ಎಂದೇ ಅನ್ನುತ್ತೇವೆ. ಈ ಕವರಿನ ಮೇಲೆ ಒಮ್ಮೆ ಬಂದು ಹೋದ ಶುಲ್ಕದ ವಿಚಾರವನ್ನು ಇಂದು ತಮ್ಮ ಮುಂದಿಡುತ್ತೇನೆ.

2016ರ ಮಾರ್ಚ್ 18ರಂದು ಕೇಂದ್ರ ಸರ್ಕಾರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಅದರ 15ನೆಯ ನಿಯಮದಂತೆ, ಕವರು ಕೊಡಬೇಕೆನ್ನುವ ಅಂಗಡಿಯವರು, ಬೀದಿ ವ್ಯಾಪಾರಿಗಳು ಸಹ, ಸ್ಥಳೀಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ತಿಂಗಳಿಗೆ ಕನಿಷ್ಠ 4,000 ರೂಪಾಯಿ, ಅಂದರೆ ವರ್ಷಕ್ಕೆ 48,000 ರೂಪಾಯಿ ಕಟ್ಟಬೇಕಿತ್ತು. ದೊಡ್ಡ ವ್ಯಾಪಾರದವರಿಗೆ ಶುಲ್ಕ ಏರಿಸಬಹುದಿತ್ತು; ಸಣ್ಣವರಿಗೆ ಇಳಿಸುವಂತಿರಲಿಲ್ಲ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನನ್ನದು, ಸುಮ್ಮನಿರದು. ದಿನಕ್ಕೆ 133 ರೂಪಾಯಿ ಬಿತ್ತು. ಬುಟ್ಟಿಯಲ್ಲಿ ಕೊತ್ತಂಬರಿ, ಹಸಿಮೆಣಸಿನಕಾಯಿ ಮಾರುವ ಅಕ್ಕ ಕವರಿಗೊಂದು ರೂಪಾಯಿ ಪಡೆದರೂ, ದಿನಾ 133 ಕವರು ಹೋದರೆ ಶುಲ್ಕವಷ್ಟೇ ತೀರೀತು. ಕವರಿನ ಅಸಲು ಬೇರೆ. ಆಕೆ ಏನು ಮಾಡಿಯಾಳು? ಒಂದೋ ಕದ್ದು ಕೊಡಬೇಕು, ಇಲ್ಲವೆ ಬೇಡವೆಂದವರ ಕೈಗೂ ಕವರು ತುರುಕಬೇಕು. ತಿಂಗಳ ಹಣ ಕಟ್ಟಿದ ಮೇಲೆ ಹತ್ತು ಕವರು ಕೊಟ್ಟರೂ ಅಷ್ಟೇ, ಸಾವಿರ ಕೊಟ್ಟರೂ ಅಷ್ಟೇ. ಕವರು ಕಡಿಮೆಯಾಗಲೆಂದು ಹಾಕಿದ ಶುಲ್ಕ, ಹೆಚ್ಚು ಖರ್ಚು ಮಾಡಿ ಅಸಲು ಎತ್ತಿಕೋ ಎಂದು ಹೇಳಿಕೊಟ್ಟಂತಾಯಿತು. ನನ್ನ ವಿರೋಧ ಇದಕ್ಕೇ. ಪ್ಲಾಸ್ಟಿಕ್ಕಿನ ಪರವಾಗಿ ವಕೀಲಿ ಮಾಡುತ್ತಿಲ್ಲ. ಚರಂಡಿ ಕಟ್ಟುವುದನ್ನೂ, ದನಗಳು ಎಂಜಲಿನ ಸಂಗಡ ಕವರು ನುಂಗುವುದನ್ನೂ ತಮ್ಮಂತೆ ನಾನೂ ನೋಡುತ್ತೇನೆ.

ಅದೇ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕವರನ್ನೇ ನಿಷೇಧಿಸಿತು. ಹೊಳಗುಂದದ ರೈತನಿಗೆ ಸಿರುಗುಪ್ಪದಲ್ಲಿ ನಿಷೇಧ, ಆದೋನಿಯಲ್ಲಿ ಶುಲ್ಕದ ನಿಯಮ! ಗಡಿಯವರಾದ ನಮಗೆ ಇಂಥವು ಹೊಸತಲ್ಲ ಬಿಡಿ.

ಕೊನೆಗೆ 2018ರ ಮಾರ್ಚ್ 27ರ ತಿದ್ದುಪಡಿಯಲ್ಲಿ ಆ 15ನೆಯ ನಿಯಮವನ್ನು ಕೇಂದ್ರವೇ ತೆಗೆದುಹಾಕಿತು. ಆಮೇಲೆ ಕವರಿನ ದಪ್ಪದ ಮೇಲಿನ ಕಟ್ಟುಪಾಡು ಬಿಗಿಯಾಯಿತು. 2016ರಲ್ಲಿ 50 ಮೈಕ್ರಾನ್ ಇದ್ದದ್ದು 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ಇದು ನನಗೆ ಒಪ್ಪಿಗೆ. ದಪ್ಪ ಕವರಿಗೆ ಬೆಲೆ ಹೆಚ್ಚು, ಪುಕ್ಕಟೆ ಕೊಡಲು ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ. ಪಡೆದವರೂ ನಾಲ್ಕು ಸಲ ಬಳಸುತ್ತಾರೆ. ಗುಜರಿಯವರೂ ಕೊಳ್ಳುತ್ತಾರೆ.

ಆದರೆ ತೆಳು ಕವರು ಇನ್ನೂ ಪೇಟೆಗೆ ಬರುತ್ತಲೇ ಇದೆ. ಅದು ಸೊಪ್ಪಿನ ಬುಟ್ಟಿಯಲ್ಲಿ ಹುಟ್ಟುವುದಿಲ್ಲವಲ್ಲ. ದಂಡದ ಪುಸ್ತಕ ಹಿಡಿದು ಬರುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಆ ಅಕ್ಕನ ಹತ್ತಿರ ನಿಲ್ಲುವ ಮೊದಲು, ಮೂಟೆಗಟ್ಟಲೆ ಕವರು ಇಳಿಸಿಕೊಳ್ಳುವ ಸಗಟು ಅಂಗಡಿಗೆ ಒಮ್ಮೆ ಹೋಗಿ ಬನ್ನಿ.