ಗಾಳಿಯಲ್ಲಿ ಓಡುವ ಅಯಾನು



ಹೆಬ್ಬಾಳದ ಮೇಲ್ಸೇತುವೆ ಹತ್ತಿ, ಯಲಹಂಕ ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದವರು ಇದನ್ನು ನೋಡಿರಬಹುದು: ಭದ್ರತಾ ಸಿಬ್ಬಂದಿ ಪುಟ್ಟ ಪಟ್ಟಿಯೊಂದರಿಂದ ಬ್ಯಾಗು ಒರೆಸಿ ಯಂತ್ರದ ಬಾಯಿಗಿಡುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಸ್ಫೋಟಕದ ಸುಳಿವಿದೆಯೇ ಇಲ್ಲವೇ ತಿಳಿಯುತ್ತದೆ. ಇಂಥ ಯಂತ್ರಗಳಲ್ಲಿ ಹಲವು ಕೆಲಸ ಮಾಡುವುದು ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೆಟ್ರಿಯಿಂದ.

ಪಟ್ಟಿಗೆ ಅಂಟಿದ ಕಣ ಬಿಸಿಗೆ ಆವಿಯಾಗುತ್ತದೆ, ವಿದ್ಯುದಂಶ ಪಡೆದು ಅಯಾನಾಗುತ್ತದೆ. ಆಮೇಲೆ ವಿದ್ಯುತ್ ಕ್ಷೇತ್ರ ಅದನ್ನು ಗಾಳಿ ತುಂಬಿದ ಕೊಳವೆಯಲ್ಲಿ ಓಡಿಸುತ್ತದೆ. ಯಶವಂತಪುರ ಮಾರುಕಟ್ಟೆಯ ಗದ್ದಲದಲ್ಲಿ ಬರಿಗೈಯವನು ನುಸುಳಿ ಹೋಗುತ್ತಾನೆ, ಮೂಟೆ ಹೊತ್ತವನು ಹಿಂದುಳಿಯುತ್ತಾನೆ, ಇಲ್ಲೂ ಅಷ್ಟೆ. ಓಟಕ್ಕೆ ಹಿಡಿದ ಮಿಲಿಸೆಕೆಂಡುಗಳೇ ವಸ್ತುವಿನ ಗುರುತು.

ಇದರ ಬೇರು ಹಳೆಯದು. 1896ರಲ್ಲಿ ಕೇಂಬ್ರಿಜ್‌ನಲ್ಲಿ ಥಾಮ್ಸನ್ ಮತ್ತು ರುದರ್‌ಫರ್ಡ್, ಎಕ್ಸ್-ರೇ ಹಾಯ್ದ ಅನಿಲ ವಿದ್ಯುತ್ ಒಯ್ಯುವ ಬಗೆಯನ್ನು ಅಭ್ಯಾಸ ಮಾಡಿದರು. ಅದು ರಾಸಾಯನಿಕ ವಿಶ್ಲೇಷಣೆಯ ಸಾಧನವಾಗಿ ಹೊರಬಂದದ್ದು 1970ರಲ್ಲಿ, ಕೋಹೆನ್ ಮತ್ತು ಕರಾಸೆಕ್ ಅವರ ಕೈಯಲ್ಲಿ. ಆಗ ಅದರ ಹೆಸರು ಪ್ಲಾಸ್ಮಾ ಕ್ರೊಮ್ಯಾಟೋಗ್ರಫಿ. ಅಯಾನು ಹುಟ್ಟಿಸುತ್ತಿದ್ದದ್ದು ವಿಕಿರಣಶೀಲ ನಿಕಲ್-63ರ ತೆಳು ಲೇಪ. ಅದಕ್ಕೆ ವಿದ್ಯುತ್ ಬೇಡ, ಅರ್ಧಾಯುಷ್ಯ ಸುಮಾರು 100 ವರ್ಷ. ಆದರೆ ವಿಕಿರಣದ ವಸ್ತುವಾದ್ದರಿಂದ ನಿಯಮಗಳ ಕಟ್ಟುಪಾಡು ತಪ್ಪದು.

ಇನ್ನೊಂದು ತೊಡಕೂ ಇತ್ತು. ನಿಕಲ್ ಮೂಲದಲ್ಲಿ, ಪ್ರೋಟಾನನ್ನು ಬಿಗಿಯಾಗಿ ಹಿಡಿಯುವ ವಸ್ತುವಿಗೇ ವಿದ್ಯುದಂಶದ ಮೊದಲ ಪಾಲು. ಅಮೋನಿಯಾದಂಥದ್ದು ಜೊತೆಗಿದ್ದರೆ ಬೆಂಜೀನ್, ಟಾಲೂಯೀನ್ ಮರೆಯಾಗಿಬಿಡುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ಬಣ್ಣ, ದ್ರಾವಕಗಳ ನಡುವೆ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. 1983ರಲ್ಲಿ ಅಮೆರಿಕದ ಹಿಲ್ ಮತ್ತು ಸಂಗಡಿಗರು ನೇರಳಾತೀತ ದೀಪದಿಂದ ಅಯಾನು ಮಾಡಿ ತೋರಿಸಿದರು. 10.6 ಎಲೆಕ್ಟ್ರಾನ್ ವೋಲ್ಟ್‌ನ ದೀಪಕ್ಕೆ, ಅಯಾನಾಗಲು 9.24 ಸಾಕಾಗುವ ಬೆಂಜೀನ್ ಸುಲಭವಾಗಿ ಸಿಗುತ್ತದೆ. ಮತ್ತೊಂದು ಮೂಲವಾದ ಕರೋನಾ ವಿದ್ಯುತ್ ವಿಸರ್ಜನೆ ಹೇರಳ ಅಯಾನು ಕೊಡುತ್ತದೆ. ಜೊತೆಗೆ ಓಝೋನನ್ನೂ ಹುಟ್ಟಿಸಿ ಋಣ ಅಯಾನುಗಳ ಲೆಕ್ಕ ಕೆಡಿಸುತ್ತದೆ. ದ್ರವರೂಪದ ಮಾದರಿಗೆ ಎಲೆಕ್ಟ್ರೋಸ್ಪ್ರೇ ಒದಗಿತು.

ಒಂದರ ಕುರುಡು ಇನ್ನೊಂದರ ಕಣ್ಣು ಎಂದಾದಾಗ, ಎರಡನ್ನು ಕೂಡಿಸುವುದೇ ದಾರಿ. ಒಂದೇ ಮಾದರಿಯನ್ನು ಎರಡು ಮೂಲಗಳಿಂದ ಸರದಿಯಂತೆ ಓಡಿಸಿ ಫಲಿತಾಂಶ ಹೋಲಿಸಿದರೆ, ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಸಿಗುತ್ತದೆ, ಸುಳ್ಳು ಎಚ್ಚರಿಕೆಯೂ ಕಡಿಮೆಯಾಗುತ್ತದೆ.

ನಮ್ಮಲ್ಲಿ ಈ ತಂತ್ರ ಪರದೇಶದ ಸರಕಾಗಿ ಉಳಿದಿಲ್ಲ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಇ ರೂಪಿಸಿದ 223 ವಿಷಾನಿಲ ಪತ್ತೆ ಯಂತ್ರಗಳನ್ನು ರಕ್ಷಣಾ ಸಚಿವಾಲಯ 2025ರ ಫೆಬ್ರುವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯಿಂದ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅವೂ ಇದೇ ತತ್ತ್ವದವು.

ಕಾರ್ಖಾನೆಗೆ ಅನಿಲ ಪತ್ತೆ ಯಂತ್ರ ಕೊಳ್ಳುವವರು ಬೆಲೆಯ ಜೊತೆಗೆ ಇದನ್ನೂ ಕೇಳಿ: ಒಳಗಿರುವ ಅಯಾನು ಮೂಲ ಯಾವುದು, ಅದಕ್ಕೆ ಕಾಣದ್ದು ಯಾವುದು?