ಕಟ್ಟಡವಿದ್ಯೆ ಕಲಿಯುವ ನಮ್ಮ ಮಕ್ಕಳು
(ಬೊರಿವಲಿಯಲ್ಲಿ ಜರುಗಿದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಹೋಟೇಲಿನ ಗಲ್ಲದಲ್ಲಿ ಕುಳಿತವರೂ, ಒಲೆಯ ಮುಂದೆ ಬೆವರಿಳಿಸಿದವರೂ, ಗಿರಣಿಗಳು ಮುಚ್ಚುವವರೆಗೆ ಮಗ್ಗದ ಮುಂದೆ ಆಯುಷ್ಯ ಸವೆಸಿದವರೂ ಕೂಡಿರುವ ಈ ಸಭೆಯಲ್ಲಿ ಆರ್ಕಿಟೆಕ್ಟ್ ವಿದ್ಯೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವುಂಟು.

ನಮ್ಮ ಸದಸ್ಯರೊಬ್ಬರ ಮಗ ಆ ವಿದ್ಯೆಯ ಎರಡನೆಯ ವರ್ಷದಲ್ಲಿದ್ದಾನೆ. ಐದು ವರ್ಷದ ಓದು. ಶುಲ್ಕಕ್ಕೆ ತಂದೆ ಸಾಲ ಮಾಡಿದ್ದಾರೆ. ಊರಿನಲ್ಲಿರುವ ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಹಳೆಯ ಮನೆಯನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಬೇಕೆಂಬುದು ಅವರ ಆಸೆ. ಮಗ ಕಂಪ್ಯೂಟರಿನಲ್ಲಿ ಬಲು ಅಂದವಾದ ನಕ್ಷೆ ತೆಗೆದು ತೋರಿಸಿದನು. "ಹಳೆಯ ಗೋಡೆ ಇನ್ನೆಷ್ಟು ಕಾಲ ತಾಳೀತು? ಆ ಕಲ್ಲನ್ನು ತಿರುಗಿ ಬಳಸಬಹುದೇ?" ಎಂದು ನಾವು ಕೇಳಿದೆವು. ಹುಡುಗ ಪ್ರಾಮಾಣಿಕ. "ಮಾಮ, ನಾನು ಇದುವರೆಗೆ ಒಂದು ಕಲ್ಲನ್ನೂ ಕೈಯಾರೆ ಇಟ್ಟು ನೋಡಿಲ್ಲ" ಎಂದನು.

ಅದು ಅವನ ತಪ್ಪಲ್ಲ. ಆದರೆ ಒಮ್ಮೆ ಯೋಚಿಸಿರಿ. ದೋಸೆಯ ಹಿಟ್ಟು ಚಳಿಗಾಲದಲ್ಲಿ ಎಷ್ಟು ಹೊತ್ತಿಗೆ ಹುಳಿಯುತ್ತದೆ, ಬೇಸಗೆಯಲ್ಲಿ ಎಷ್ಟು ಹೊತ್ತಿಗೆ ಎಂಬುದನ್ನು ನಾವು ಯಾವ ಪುಸ್ತಕದಿಂದ ಕಲಿತೆವು? ಹಿಟ್ಟಿಗೆ ಕೈ ಹಾಕಿಯೇ ಕಲಿತೆವು. ಮಣ್ಣು, ಸುಣ್ಣ, ಸಿಮೆಂಟುಗಳ ಸ್ವಭಾವವೂ ಹಾಗೆಯೇ ಅಲ್ಲವೇ?

ಇಂತಹ ಕಲಿಕೆಗೆ ಒಂದು ಪಾಠಶಾಲೆ ಈ ಬೊರಿವಲಿಯ ಮಗ್ಗುಲಲ್ಲೇ ಇದೆ. ಕಾಡಿನೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಮಿಕ್ಕಿದ ಗುಹೆಗಳಿವೆ. ಕ್ರಿಸ್ತಶಕದ ಆರಂಭದ ಸುಮಾರಿನಿಂದ ಶತಮಾನಗಳ ಕಾಲ ಕಲ್ಲುಕುಟಿಗರು ಅಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಬಂಡೆ ಕೊರೆದರು. ಹೊರಗಿನಿಂದ ಸಾಮಾನು ತಂದು ಕಟ್ಟಿದ್ದಲ್ಲ, ಇದ್ದ ಬಂಡೆಯನ್ನೇ ಕಡೆದು ಕಂಬವನ್ನೂ, ಮಲಗುವ ಜಗಲಿಯನ್ನೂ, ಮೆಟ್ಟಿಲನ್ನೂ ಮಾಡಿದ್ದು. ಗುಡ್ಡದ ಮೇಲೆ ಬಿದ್ದ ಮಳೆ ಸಣ್ಣ ಕಾಲುವೆಗಳಲ್ಲಿ ಹರಿದು ಗುಹೆಗಳ ಬಳಿಯ ಕಲ್ಲಿನ ತೊಟ್ಟಿಗಳಲ್ಲಿ ನಿಲ್ಲುವಂತೆ ಏರ್ಪಾಡು ಮಾಡಿದ್ದಾರೆ. ಟ್ಯಾಂಕರಿನ ನೀರಿಗೆ ಕಾಯ್ದು ಬಲ್ಲ ನಾವು ಅದನ್ನು ನೋಡಿ ಬೆರಗಾಗಬೇಕು. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಮಾನ್ಯಖೇಟದ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ ಎಂಬುದನ್ನು ಕನ್ನಡಿಗರ ಸಭೆಯಲ್ಲಿ ಹೇಳದೆ ಇರಲಾರೆವು.

ಇನ್ನು ಈ ಕಾಲದ ಮಾತು. ಸಿಮೆಂಟು ಮಾಡಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡಬೇಕು. ಉರಿಸುವ ಕಲ್ಲಿದ್ದಲಿನ ಹೊಗೆ ಒಂದು. ಸುಣ್ಣಕಲ್ಲಿನ ಒಳಗಿಂದಲೇ ಹೊರಡುವ ಇಂಗಾಲದ ಅನಿಲ ಇನ್ನೊಂದು. ಭೂಮಿಯನ್ನು ಕಾಯಿಸುತ್ತಿರುವುದು ಇದೇ ಅನಿಲ. ಇದನ್ನು ಕಡಮೆ ಮಾಡುವ ದಾರಿಯನ್ನು ನಮ್ಮ ನಾಡಿನಲ್ಲೇ ಹುಡುಕಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ದುಡಿದರು. ಮರಳು ಬೆರೆತ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಸೇರಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡು ಬೇಡ, ಸೌದೆ ಬೇಡ.

ತಿರುವನಂತಪುರದಲ್ಲಿ ನೆಲಸಿದ್ದ ಲಾರಿ ಬೇಕರ್ ಎಂಬ ಆಂಗ್ಲರನ್ನೂ ನೆನೆಯಬೇಕು. 1945ರಲ್ಲಿ ಈ ದೇಶಕ್ಕೆ ಬಂದ ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರಾಗಿಯೇ ಬಾಳಿದರು. ಮೇಸ್ತ್ರಿಗಳ ಜತೆ ಕೆಲಸದ ಜಾಗದಲ್ಲೇ ನಿಂತು ಕಟ್ಟಿಸಿದವರು ಅವರು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯೊಳಗೆ ಪೊಳ್ಳು ಬಿಡುವ ಕ್ರಮವನ್ನು ಬಳಕೆಗೆ ತಂದರು. ಅದರಿಂದ ನಾಲ್ಕರಲ್ಲಿ ಒಂದು ಪಾಲಿನಷ್ಟು ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು.

ಹಾಗೆಂದು ಸಿಮೆಂಟೇ ಶತ್ರು ಎಂದು ನಾವು ಹೇಳುವವರಲ್ಲ. ಬೊರಿವಲಿಯ ಇಪ್ಪತ್ತು ಮಾಳಿಗೆಯ ಕಟ್ಟಡವನ್ನು ಮಣ್ಣಿನಲ್ಲಿ ಎಬ್ಬಿಸಲಾಗದು. ನಮ್ಮ ಕರಾವಳಿಯ ಮಳೆಗೆ ಮಣ್ಣಿನ ಗೋಡೆ ತಾಳಬೇಕಾದರೆ ಎತ್ತರದ ಅಡಿಪಾಯವೂ ಚಾಚಿದ ಮಾಡೂ ಬೇಕು. ಮಂಗಳೂರು ಹಂಚು ಕೂಡ ಗೂಡಿನಲ್ಲಿ ಸುಟ್ಟದ್ದೇ. ಆದರೆ ಬಿಚ್ಚಿ ಮತ್ತೊಂದು ಮಾಡಿಗೆ ಹೊದಿಸಬಹುದು. ಒಡೆದ ಸ್ಲ್ಯಾಬು ಬರೀ ರಾಡಿ. ಎಲ್ಲಿ ಯಾವುದು ತಕ್ಕದ್ದು ಎಂದು ತಿಳಿಯುವುದೇ ಈ ವಿದ್ಯೆ.

ಆ ಹುಡುಗನ ಮನೆಯ ಸಂಗತಿ ಇನ್ನೂ ತೀರ್ಮಾನವಾಗಿಲ್ಲ. ತಂದೆಯವರು ಒಂದು ರಜೆಯ ಮಟ್ಟಿಗೆ ತಡೆಯಲು ಒಪ್ಪಿದ್ದಾರೆ. ಮೇ ತಿಂಗಳಲ್ಲಿ ಹುಡುಗ ಊರಿಗೆ ಹೋಗಿ ಅಲ್ಲಿನ ಮೇಸ್ತ್ರಿಯ ಕೈಕೆಳಗೆ ಒಂದು ತಿಂಗಳು ಕರಣೆ ಹಿಡಿಯಲಿದ್ದಾನೆ. ಹಳೆಯ ಗೋಡೆಯ ಒಂದು ಮೂಲೆಯನ್ನು ಬಿಚ್ಚಿ ಕಲ್ಲು ಹೇಗಿದೆ ಎಂದು ನೋಡಿ ಬರುತ್ತಾನೆ. ಉಳಿಸುವುದೋ ಕೆಡಹುವುದೋ ಆಮೇಲೆ.

ಊರಿಗೆ ಹೋಗುವ ಇತರರಿಗೂ ನಮ್ಮದೊಂದು ಕೋರಿಕೆ. ನಿಮ್ಮ ಹಿತ್ತಿಲಿನ ಮಣ್ಣನ್ನು ಒಂದು ಸೇರಿನಷ್ಟು ಕಟ್ಟಿ ತನ್ನಿರಿ. ಗಾಜಿನ ಲೋಟದಲ್ಲಿ ನೀರಿನೊಡನೆ ಕಲಕಿ ಇಟ್ಟರೆ ಅಡಿಯಲ್ಲಿ ಮರಳು, ಮೇಲೆ ಜೇಡಿ ಬೇರೆಬೇರೆಯಾಗಿ ನಿಲ್ಲುತ್ತದೆ. ಇಟ್ಟಿಗೆಗೆ ಒದಗುವ ಮಣ್ಣು ಯಾರದೆಂದು ಜೂನಿನ ಕೂಟದಲ್ಲಿ ಮಕ್ಕಳಿಂದಲೇ ಪರೀಕ್ಷೆ ಮಾಡಿಸೋಣ. ಲೋಟಗಳನ್ನು ಹೋಟೇಲಿನವರು ತರತಕ್ಕದ್ದು.